‘ತಗೊಂಡೆ’ ಅಂದರೆ ಯಾರು ತಗೊಂಡದ್ದು? ಆಟಿಸಂ ಇರುವ ನನ್ನ ಮಗನ ಮೇಲೆ ಕಳವಿನ ಅನುಮಾನ

ತುಂಗೆಯ ದಡದವಳು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬೇರೆ ತಾಯಂದಿರು ಬರೆದದ್ದನ್ನು ಓದುತ್ತಿದ್ದೆನೇ ಹೊರತು ನಾನಾಗಿ ಬರೆದವಳಲ್ಲ. ಈಗ ಬರೆಯದೆ ಗತಿಯಿಲ್ಲ.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಮನೆ. ಮಗನಿಗೆ 16 ವರ್ಷ 8 ತಿಂಗಳು. ಆಟಿಸಂ ಇದೆ ಎಂದು ಗೊತ್ತಾದಾಗ ಅವನಿಗೆ ಮೂರೂವರೆ ವರ್ಷ. ಆಟಿಸಂ ಎಷ್ಟಿದೆ ಎಂದು ಅಳೆಯುವ ಐ.ಎಸ್.ಎ.ಎ. ಮಾಪನದಲ್ಲಿ 118 ಅಂಕ ಬಂದಿದೆ, ಅಂದರೆ ಮಧ್ಯಮ ಪ್ರಮಾಣ, ಅಂಗವಿಕಲರಿಗೆ ಕೊಡುವ ಯು.ಡಿ.ಐ.ಡಿ. ಗುರುತಿನ ಕಾರ್ಡೂ ಇದೆ. ಮಾತು ಬರುತ್ತದೆ, ಆದರೆ ಬಹುಪಾಲು ಕೇಳಿದ ಮಾತೇ ತಿರುಗಿ ಬರುತ್ತದೆ. ‘ಊಟ ಬೇಕಾ’ ಎಂದರೆ ‘ಊಟ ಬೇಕು’ ಎನ್ನುತ್ತಾನೆ, ಹೊಟ್ಟೆ ತುಂಬಿದ್ದರೂ.

ಅವನಿಗೆ ಕರೆಂಟ್ ಮೀಟರ್ ಎಂದರೆ ಪ್ರಾಣ. ಶಾಲೆಯಿಂದ ಬಂದು ಅವಲಕ್ಕಿ ತಿಂದು, ನಾಲ್ಕು ಗಂಟೆಗೆ ಸರಿಯಾಗಿ ಉದ್ದನೆಯ ನೋಟ್‌ಬುಕ್ ಹಿಡಿದು ಹೊರಟರೆ, ನಮ್ಮ ಬೀದಿ ಮತ್ತು ಹಿಂದಿನ ಬೀದಿಯ ಮನೆಗಳ ಗೇಟಿನ ಹೊರಗೆ ನಿಂತು, ಗೋಡೆಯ ಮೇಲೆ ಕಾಣುವ ಮೀಟರಿನ ಆರ್.ಆರ್. ನಂಬರ್, ಅಂದಿನ ಯೂನಿಟ್ ಎಷ್ಟು ಎಂಬುದನ್ನು ಬರೆದುಕೊಂಡು ಐದಕ್ಕೆ ಮನೆ ಸೇರುತ್ತಾನೆ. ಮೀಟರಿನ ಮೇಲೆ 3200 ಎಂದು ಮುದ್ರಿಸಿದ್ದರೆ ಅದರ ಕೆಂಪು ದೀಪ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್ ಆಗುತ್ತದೆ ಎಂಬುದು ನನಗೆ ತಿಳಿದದ್ದೇ ಅವನ ನೋಟ್‌ಬುಕ್ಕಿನಿಂದ. ಯಾರ ಮನೆಯಲ್ಲಾದರೂ ಗ್ರೈಂಡರ್ ಹಾಕಿದರೆ ದೀಪ ಓಡತೊಡಗುತ್ತದೆ. ಆಗ ಇವನು ತುದಿಗಾಲಲ್ಲಿ ನಿಂತು ಕೈ ಬಡಿಯುತ್ತಾನೆ.

ಕಳೆದ ತಿಂಗಳು ಹಿಂದಿನ ಬೀದಿಯ ಒಂದು ಮನೆಯವರು ಮದುವೆಗೆಂದು ಹೋಗಿದ್ದಾಗ, ಹಿಂಬಾಗಿಲಿನ ಚಿಲಕ ಮುರಿದು ಎರಡೆಳೆ ಸರ, ಓಲೆ ಮತ್ತು ಒಂದಿಷ್ಟು ನಗದನ್ನು ಯಾರೋ ಹೊತ್ತೊಯ್ದಿದ್ದಾರೆ. ಎದುರು ಮನೆಯ ಸಿ.ಸಿ. ಕ್ಯಾಮೆರಾದಲ್ಲಿ ನನ್ನ ಮಗ ಎರಡು ದಿನ ಆ ಗೇಟಿನ ಮುಂದೆ ಐದಾರು ನಿಮಿಷ ಅಲುಗಾಡದೆ ನಿಂತದ್ದು ಕಂಡಿದೆ. ಪೊಲೀಸರು ಮನೆಗೆ ಬಂದು ನೋಟ್‌ಬುಕ್ ತೆರೆದರೆ 43 ಮನೆಗಳ ನಂಬರು, ಪ್ರತಿದಿನದ ಅಂಕಿ. ಅಂಕಿ ಏರದ ಕಡೆ ಅಡ್ಡಗೆರೆ. ‘ಮನೆ ಖಾಲಿ ಇರೋ ದಿನ ಗುರುತು ಮಾಡಿಟ್ಟಿದ್ದಾನಲ್ಲಮ್ಮ’ ಎಂದರು. ಕಳವಾದ ಮನೆಯ ಸಾಲಿನಲ್ಲೂ ಎರಡು ಅಡ್ಡಗೆರೆಗಳಿದ್ದವು. ಹೊರಗಿನವರ ಕಣ್ಣಿಗೆ ಅದು ಹೇಗೆ ಕಂಡಿರಬಹುದು ಎಂಬುದು ನನಗೆ ಅರ್ಥವಾಗದೆ ಇಲ್ಲ.

ಆಮೇಲೆ ಠಾಣೆಗೆ ಕರೆಸಿದರು. ‘ಒಡವೆ ನೀನು ತಗೊಂಡ್ಯಾ?’ ಎಂದು ಕೇಳಿದರು. ‘ತಗೊಂಡೆ’ ಎಂದ. ‘ಎಲ್ಲಿಟ್ಟೆ, ಮನೇಲಿ ಇಟ್ಟಿದೀಯಾ?’ ಎಂದರು. ‘ಮನೇಲಿ ಇಟ್ಟಿದೀಯಾ’ ಎಂದ. ರೈಟರ್ ಹಾಳೆಯ ಮೇಲೆ ಬರೆದದ್ದು, ‘ಸದರಿ ಮನೆಯಿಂದ ಒಡವೆಗಳನ್ನು ನಾನೇ ತೆಗೆದುಕೊಂಡು ನಮ್ಮ ಮನೆಯಲ್ಲಿ ಇಟ್ಟಿರುತ್ತೇನೆ’ ಎಂದು. ನನ್ನ ಮಗ ಹುಟ್ಟಿದ ಮೇಲೆ ಒಮ್ಮೆಯೂ ‘ನಾನೇ’ ಎಂದವನಲ್ಲ. ಹಾಳೆಗೆ ನಾನು ಸಹಿ ಹಾಕಲಿಲ್ಲ, ಅವನಿಂದಲೂ ಹಾಕಿಸಗೊಡಲಿಲ್ಲ. ಸೋಮವಾರ ಮತ್ತೆ ಕರೆದುಕೊಂಡು ಬರಲು ಹೇಳಿದ್ದಾರೆ. ನೋಟ್‌ಬುಕ್ ಅಲ್ಲೇ ಇದೆ. ತಿಳಿದವರು ದಾರಿ ಹೇಳಿ.

ಕರಿಕೋಟು:

ಅಮ್ಮ, ಮೂವತ್ತು ವರ್ಷ ವಕಾಲತ್ತು ಮಾಡಿದವನು ನಾನು. ಸಹಿ ಹಾಕದೆ ಬಂದದ್ದು ನೀವು ಮಾಡಿದ ಅತಿ ದೊಡ್ಡ ಕೆಲಸ.

ಹದಿನೆಂಟು ತುಂಬದ ಕಾರಣ ನಿಮ್ಮ ಮಗನ ವಿಚಾರ 2015ರ ಬಾಲನ್ಯಾಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಈ ಕಾಯ್ದೆಯ 10ನೇ ಕಲಮಿನ ಪ್ರಕಾರ ಮಗುವನ್ನು ಯಾವ ಕಾರಣಕ್ಕೂ ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ. ವಶಕ್ಕೆ ತೆಗೆದುಕೊಂಡರೆ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಸುಪರ್ದಿಗೆ ಕೊಟ್ಟು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕೇಂದ್ರದ 2016ರ ಮಾದರಿ ನಿಯಮಗಳು ಇನ್ನೂ ಸ್ಪಷ್ಟವಾಗಿವೆ: ತಪ್ಪೊಪ್ಪಿಕೊಳ್ಳುವಂತೆ ಒತ್ತಾಯಿಸಬಾರದು, ಯಾವ ಹೇಳಿಕೆಗೂ ಸಹಿ ಹಾಕಿಸಬಾರದು, ಬೇಡಿ ಹಾಕಬಾರದು, ಮಾತನಾಡಿಸುವಾಗ ತಂದೆತಾಯಿ ಜೊತೆಗಿರಬಹುದು, ಮತ್ತು ಆ ಜಾಗ ಠಾಣೆಯೆಂಬ ಭಾವನೆ ಬರುವಂತೆ ಇರಬಾರದು.

ಪೊಲೀಸರೆದುರು ಹೇಳಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿ ಇದ್ದ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಆದರೆ ಅಲ್ಲೊಂದು ಸಂದಿ ಉಂಟು. ವಶದಲ್ಲಿರುವವನು ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಸಿಕ್ಕಿದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ‘ಎಲ್ಲಿದೆ ತೋರಿಸ್ತೀಯಾ’ ಎಂದು ಕೇಳಿದರೆ ನಿಮ್ಮ ಮಗ ‘ತೋರಿಸ್ತೀಯಾ’ ಎಂದಾನು, ಅದು ಮಹಜರಿನಲ್ಲಿ ‘ತೋರಿಸುತ್ತೇನೆ’ ಎಂದಾದೀತು. ಆದ್ದರಿಂದ ನೀವಿಲ್ಲದೆ ಅವನು ಯಾರ ಜೊತೆಯಲ್ಲೂ ಎಲ್ಲಿಗೂ ಹೋಗಕೂಡದು.

ಸೋಮವಾರದೊಳಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಕ್ಯಾಮೆರಾದ ತುಣುಕನ್ನು ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರಾದರೂ ಹಂಚಿದ್ದಾರೆಯೇ? ಹಂಚಿದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಇಂಥ ಮಗುವಿನ ಗುರುತು ಬಯಲುಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ.

ಬೀಗ ಮುರಿದ ಮನೆಯವನು:

ನನ್ನ ಮಾತು ಇಲ್ಲಿ ಯಾರಿಗೂ ಹಿಡಿಸಲಾರದು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕಳವಾಯಿತು, ಹೆಂಡತಿಯ ತವರಿನ ಒಡವೆಯಲ್ಲಿ ಒಂದು ಗುಂಜಿಯೂ ಉಳಿಯಲಿಲ್ಲ. ಆಮೇಲೆ ಒಂದು ವರ್ಷ ಹಾಲಿನವನು, ಪೇಪರಿನವನು, ಗ್ಯಾಸ್ ತರುವವನು, ಎಲ್ಲರ ಮೇಲೂ ನನ್ನ ಕಣ್ಣಿತ್ತು. ಕಳೆದುಕೊಂಡವರು ಹಾಗೆಯೇ. ಖಾಲಿ ಮನೆಗಳ ಪಟ್ಟಿ ಇಟ್ಟುಕೊಂಡಿರುವ ಹುಡುಗ, ಅದೇ ಮನೆಯ ಮುಂದೆ ಹೊತ್ತು ಕಳೆದಿದ್ದಾನೆ ಎಂದರೆ ಕೇಳದೆ ಬಿಡಲಾದೀತೇ? ಮಿಕ್ಕ ಮನೆಗಳ ಮುಂದೆಯೂ ಐದಾರು ನಿಮಿಷ ನಿಲ್ಲುತ್ತಾನೆಯೇ, ಅಥವಾ ಅಲ್ಲಿ ಮಾತ್ರವೇ? ಇನ್ನೊಂದು ಮಾತು, ಅವನು ತಾನಾಗಿ ಕದಿಯದಿದ್ದರೂ ಅವನ ನೋಟ್‌ಬುಕ್ಕನ್ನು ಬೇರೆ ಯಾರಾದರೂ ನೋಡಿರಬಹುದಲ್ಲವೇ? ತಾಯಿಯ ಕರುಳು ಎಂಬ ಒಂದೇ ಆಧಾರದಿಂದ ನಿರ್ಧರಿಸಬಾರದು.

ತುಂಗೆಯ ದಡದವಳು:

ತಮ್ಮ ಪ್ರಶ್ನೆಗಳಿಗೆ ನನಗೆ ಸಿಟ್ಟಿಲ್ಲ, ಏಕೆಂದರೆ ಮೊದಲನೆಯದನ್ನು ನಾನೇ ಎರಡು ರಾತ್ರಿ ಕೇಳಿಕೊಂಡಿದ್ದೇನೆ.

ಠಾಣೆಯಿಂದ ಬಂದ ರಾತ್ರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಪುಟ್ಟಾ, ನಿಜ ಹೇಳು, ನೀನು ತಗೊಂಡ್ಯಾ?’ ಎಂದು ನಾನೂ ಕೇಳಿದೆ. ‘ತಗೊಂಡೆ’ ಎಂದ. ಹದಿಮೂರು ವರ್ಷದಿಂದ ಈ ಪ್ರತಿಧ್ವನಿಯ ಜೊತೆಗೇ ಬದುಕುತ್ತಿರುವ ನನ್ನ ಎದೆಯೂ ಒಂದು ಸಲ ಧಸಕ್ಕೆಂದಿತು. ಅವನು ಮಲಗಿದ ಮೇಲೆ ಅವನ ಬೀರು, ಹಾಸಿಗೆಯ ಅಡಿ, ಶಾಲೆಯ ಚೀಲ, ಹಳೆಯ ಬಿಲ್ಲುಗಳನ್ನು ಜೋಡಿಸಿಟ್ಟ ಬಿಸ್ಕತ್ತಿನ ಡಬ್ಬ, ಎಲ್ಲವನ್ನೂ ತಡಕಿದೆ. ಬಿಲ್ಲು ಬಿಟ್ಟು ಏನೂ ಇರಲಿಲ್ಲ. ಬೆಳಗ್ಗೆ ಎದ್ದವನು ಡಬ್ಬದಲ್ಲಿ ಒಂದು ಬಿಲ್ಲು ತಿಂಗಳ ಕ್ರಮ ತಪ್ಪಿರುವುದನ್ನು ಕಂಡು ಅರ್ಧ ಗಂಟೆ ಅತ್ತ. ಪೊಲೀಸರು ಅನುಮಾನಿಸಿದ್ದು ಮರೆತೀತು, ನಾನು ತಡಕಿದ್ದು ಮರೆಯುವುದಿಲ್ಲ.

ಬೇರೆ ಮನೆಗಳ ಮುಂದೆ ಅವನು ಒಂದು ನಿಮಿಷವೂ ನಿಲ್ಲುವುದಿಲ್ಲ. ಆ ಮನೆಯ ಮುಂದೆ ಮಾತ್ರ ಏಕೆ ನಿಂತ ಎಂಬುದು ನಿನ್ನೆ ಸಂಜೆ ನಮ್ಮ ಮನೆಯ ಮೇನ್ ಸ್ವಿಚ್ ಆರಿಸಿದಾಗ ತಿಳಿಯಿತು. ಅವನು ಓಡಿಬಂದು ಮೀಟರಿನ ಮುಂದೆ ನಿಂತ. ಸ್ವಿಚ್ ಹಾಕುವವರೆಗೂ, ಏಳು ನಿಮಿಷ, ರೆಪ್ಪೆ ಬಡಿಯದೆ ನಿಂತಿದ್ದ. ಮದುವೆಗೆ ಹೋದವರು ಮೇನ್ ಸ್ವಿಚ್ ಆರಿಸಿ ಹೋಗಿದ್ದರಂತೆ. ದೀಪ ಮಿನುಗಲಿ ಎಂದು ಅವನು ಕಾಯುತ್ತಿದ್ದ, ಅಷ್ಟೆ.

ನೋಟ್‌ಬುಕ್ಕನ್ನು ಬೇರೆಯವರು ನೋಡಿರಬಹುದೇ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಶಾಲೆಗೂ ಒಯ್ಯುತ್ತಾನೆ, ಅಂಗಡಿಯ ಕಟ್ಟೆಯ ಮೇಲೂ ಇಡುತ್ತಾನೆ. ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ.

ಮಾತಿನ ಮನೆ, ಮೈಸೂರು:

ನಾನು ವಾಕ್ ಚಿಕಿತ್ಸಕಿ. ಇವರ ಮಗ ಕೇಳಿದ ಮಾತನ್ನೇ ತಿರುಗಿ ಹೇಳುತ್ತಿರುವುದಕ್ಕೆ ನಮ್ಮ ವೃತ್ತಿಯಲ್ಲಿ ಎಕೋಲಾಲಿಯ ಎನ್ನುತ್ತೇವೆ. ಅದು ಸುಳ್ಳಲ್ಲ, ಉದ್ಧಟತನವೂ ಅಲ್ಲ. ಪ್ರಶ್ನೆ ತಲುಪಿದೆ, ಮಾತಿನ ಸರದಿ ತನ್ನದು ಎಂಬುದೂ ಗೊತ್ತಾಗಿದೆ, ಆದರೆ ಉತ್ತರ ಕಟ್ಟಲು ಆಗುತ್ತಿಲ್ಲ ಎಂಬುದರ ಗುರುತು ಅದು. ಭಯ, ಹೊಸ ಜಾಗ, ಗದ್ದಲ ಇದ್ದಷ್ಟೂ ಹೆಚ್ಚುತ್ತದೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ತೆಲುಗಿನಲ್ಲಿ ‘ತೀಸುಕುನ್ನಾವಾ’ ಎಂದು ಕೇಳಿದರೆ ಪ್ರತಿಧ್ವನಿ ‘ತೀಸುಕುನ್ನಾವು’ ಎಂದು ಬರುತ್ತದೆ. ತಾನು ತೆಗೆದುಕೊಂಡೆ ಎನ್ನಬೇಕಾದರೆ ‘ತೀಸುಕುನ್ನಾನು’ ಎನ್ನಬೇಕು, ಆದ್ದರಿಂದ ಕೇಳಿದವರಿಗೆ ಅದು ಬರೀ ಪ್ರತಿಧ್ವನಿ ಎಂದು ತಟ್ಟನೆ ಹೊಳೆಯುತ್ತದೆ. ನಮ್ಮಲ್ಲಿ ‘ನಾನು ತಗೊಂಡೆ’, ‘ನೀನು ತಗೊಂಡೆ’, ಎರಡಕ್ಕೂ ಕ್ರಿಯಾಪದ ಒಂದೇ. ಪ್ರಶ್ನೆಯ ಕೊನೆಯ ‘ಆ’ಕಾರ ಉದುರಿದರೆ ಸಾಕು, ಪ್ರತಿಧ್ವನಿಯೇ ತಪ್ಪೊಪ್ಪಿಗೆಯಾಗಿ ನಿಲ್ಲುತ್ತದೆ. ‘ಮನೇಲಿ ಇಟ್ಟಿದೀಯಾ’ ಎಂಬ ಎರಡನೆಯ ಉತ್ತರದಲ್ಲಿ ಅದು ಬಯಲಾಗಿತ್ತು, ಆದರೆ ಬರೆದುಕೊಳ್ಳುವವರು ಅದನ್ನು ತಿದ್ದಿಕೊಂಡು ಬರೆದಿದ್ದಾರೆ.

ಹೌದು ಅಥವಾ ಇಲ್ಲ ಎಂಬ ಪ್ರಶ್ನೆಯನ್ನು ಈ ಮಕ್ಕಳಿಗೆ ಕೇಳಲೇಬಾರದು. ಎರಡು ಆಯ್ಕೆ ಕೊಟ್ಟರೂ ಕೊನೆಯದನ್ನೇ ಹೇಳುವ ಸಂಭವ ಹೆಚ್ಚು. ‘ಅಂಗಡಿಗೆ ಹೋಗಿದ್ದೆಯೋ ಮನೆಯಲ್ಲಿದ್ದೆಯೋ’ ಎಂದು ಕೇಳಿದ ಮೇಲೆ ‘ಮನೆಯಲ್ಲಿದ್ದೆಯೋ ಅಂಗಡಿಗೆ ಹೋಗಿದ್ದೆಯೋ’ ಎಂದು ತಿರುಗಿಸಿ ಕೇಳಿ, ಎರಡೂ ಸಲ ಒಂದೇ ಉತ್ತರ ಬಂದರೆ ಮಾತ್ರ ಪರಿಗಣಿಸಬೇಕು. ಬರೆಯಬಲ್ಲ ಹುಡುಗನಾದ್ದರಿಂದ ಬಾಯಿಗಿಂತ ಕೈಯನ್ನು ನಂಬಬಹುದು.

ಸೋಮವಾರ ಒಂದು ಕೆಲಸ ಮಾಡಿ. ಅಧಿಕಾರಿಯ ಎದುರಿನಲ್ಲೇ, ಅವರ ಒಪ್ಪಿಗೆ ಪಡೆದು, ಸಾಧ್ಯವೇ ಇಲ್ಲದ ಸಂಗತಿಯೊಂದನ್ನು ಅದೇ ಧಾಟಿಯಲ್ಲಿ ಕೇಳಿ. ಇಪ್ಪತ್ತು ಪುಟದ ವರದಿಗಿಂತ ಅದು ಬೇಗ ತಿಳಿಯುತ್ತದೆ. ವರದಿಯೂ ಬೇಕು, ಮಗ ತೋರಿಸಿಕೊಳ್ಳುವ ಚಿಕಿತ್ಸಕರಿಂದ ಭಾಷೆಯ ಬಗ್ಗೆಯೇ ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ನಿವೃತ್ತ ಖಾಕಿ:

ತಾಯಿ, ನಾನು ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಆ ನೋಟ್‌ಬುಕ್ ನನ್ನ ಕೈಗೆ ಸಿಕ್ಕಿದ್ದರೂ ನಾನು ಅನುಮಾನಿಸುತ್ತಿದ್ದೆ. ಹಾಗೆ ಅನುಮಾನಿಸುವುದು ಅವರ ಕೆಲಸ. ಅನುಮಾನಿಸಿದ ಮೇಲೆ ಮಾಡಬೇಕಾದ ಕೆಲಸವನ್ನು ಬಿಟ್ಟು ‘ತಗೊಂಡೆ’ ಎಂಬ ಒಂದು ಮಾತಿಗೆ ಜೋತುಬಿದ್ದದ್ದು ತಪ್ಪು. ಕ್ಯಾಮೆರಾ ತೋರಿಸಿರುವುದು ಮುಂಬಾಗಿಲ ಗೇಟನ್ನು. ಮುರಿದಿರುವುದು ಹಿಂಬಾಗಿಲ ಚಿಲಕವನ್ನು. ಚಿಲಕದ ಮೇಲೆ ಬೆರಳಚ್ಚು ತೆಗೆದಿದ್ದಾರೆಯೇ, ಹಿಂದಿನ ಓಣಿಯಲ್ಲಿ ಕ್ಯಾಮೆರಾ ಇದೆಯೇ, ಹಳೆಯ ಅಪರಾಧಿಗಳ ಎಂ.ಒ.ಬಿ. ಪಟ್ಟಿಯಲ್ಲಿರುವವರನ್ನು ವಿಚಾರಿಸಿದ್ದಾರೆಯೇ ಎಂಬುದನ್ನು ನಿಮ್ಮ ವಕೀಲರು ವಿನಯದಿಂದಲೇ ಕೇಳಲಿ. ಜಗಳ ಕಾಯುವ ಧ್ವನಿಯಲ್ಲಿ ಕೇಳಿದರೆ ಠಾಣೆ ಬಾಗಿಲು ಹಾಕಿಕೊಳ್ಳುತ್ತದೆ.

ಮತ್ತೊಂದು ಮಾತನ್ನು ನೋವಾಗದಂತೆ ತೆಗೆದುಕೊಳ್ಳಿ. ಇಂಥ ಮಕ್ಕಳಿರುವ ಮನೆಯವರು ಬೀಟ್ ಪೊಲೀಸರಿಗೆ ಮೊದಲೇ ತಿಳಿಸಿರಬೇಕಿತ್ತು. ಹುಡುಗನ ಫೋಟೊ, ಕಾರ್ಡಿನ ಪ್ರತಿ, ನಿಮ್ಮ ಮೊಬೈಲ್ ನಂಬರ್, ‘ಗದರಿಸಬೇಡಿ, ಕೈ ಹಿಡಿದು ಎಳೆಯಬೇಡಿ’ ಎಂಬ ಎರಡು ಸಾಲು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಪೇದೆಗಳು ಮರೆಯುವುದಿಲ್ಲ.

ಪೊಟೊಮ್ಯಾಕ್ ತೀರ:

ಪೇದೆಗಳಿಗೆ ಮೊದಲೇ ತಿಳಿಸುವ ಮಾತು ಬಂದದ್ದರಿಂದ ಇಲ್ಲಿಯದೊಂದನ್ನು ಹೇಳಬೇಕೆನಿಸಿತು. ನಾನಿರುವುದು ವರ್ಜೀನಿಯದಲ್ಲಿ. 2010ರ ಮೇ ತಿಂಗಳಲ್ಲಿ ಇಲ್ಲಿಯ ಸ್ಟಾಫರ್ಡ್ ಕೌಂಟಿಯಲ್ಲಿ, ಆಟಿಸಂ ಇದ್ದ 18 ವರ್ಷದ ಕಪ್ಪು ಹುಡುಗ ರೆಜಿನಾಲ್ಡ್ ಲಾಟ್ಸನ್, ಎಲ್ಲರೂ ನೆಲಿ ಎಂದು ಕರೆಯುತ್ತಿದ್ದವನು, ಗ್ರಂಥಾಲಯ ತೆರೆಯಲಿ ಎಂದು ಅದರ ಹೊರಗೆ ಹುಲ್ಲಿನ ಮೇಲೆ ಕೂತಿದ್ದ. ಅನುಮಾನಾಸ್ಪದ ವ್ಯಕ್ತಿಯೊಬ್ಬ ಕೂತಿದ್ದಾನೆ, ಬಂದೂಕು ಇರಬಹುದು ಎಂದು ಯಾರೋ ಪೊಲೀಸರಿಗೆ ಕರೆ ಮಾಡಿದರು. ಬಂದೂಕು ಇರಲಿಲ್ಲ. ಆದರೆ ಹೆಸರು ಕೇಳಲು ಬಂದ ಅಧಿಕಾರಿಯ ಜೊತೆ ಜಟಾಪಟಿಯಾಗಿ ಅಧಿಕಾರಿಗೆ ಬಲವಾದ ಪೆಟ್ಟು ಬಿತ್ತು; ಮಾಡದ ಅಪರಾಧದ ಅನುಮಾನದಿಂದ ಆರಂಭವಾದದ್ದು ಹಲ್ಲೆಯ ಅಪರಾಧವಾಗಿ ಮುಗಿಯಿತು. ಮುಂದಿನ ವರ್ಷಗಳಲ್ಲಿ ಅವನು ಜೈಲಿನ ಒಂಟಿಕೋಣೆಯಲ್ಲಿ ದೀರ್ಘಕಾಲ ಕಳೆದ. ತಾಯಿ ಬಿಡದೆ ಹೋರಾಡಿದರು. 2015ರ ಜನವರಿಯಲ್ಲಿ ಗವರ್ನರ್ ಟೆರಿ ಮೆಕಾಲಿಫ್ ಷರತ್ತಿನ ಕ್ಷಮಾದಾನ ಕೊಟ್ಟರು. ಪೂರ್ಣ ಕ್ಷಮಾದಾನ ಸಿಕ್ಕಿದ್ದು 2021ರಲ್ಲಿ, ಗವರ್ನರ್ ರಾಲ್ಫ್ ನಾರ್ಥಮ್ ಅವರಿಂದ. ಹುಲ್ಲಿನ ಮೇಲೆ ಕೂತದ್ದಕ್ಕೆ ಹನ್ನೊಂದು ವರ್ಷ.

ಅಕ್ಕಾ, ನಿಮ್ಮನ್ನು ಹೆದರಿಸಲು ಇದನ್ನು ಬರೆದದ್ದಲ್ಲ. ಅಲ್ಲಿ ಬಣ್ಣದ ಪ್ರಶ್ನೆಯೂ ಇತ್ತು, ಊರು ಬೇರೆ, ಕಾನೂನು ಬೇರೆ. ಆದರೆ ಕೈ ಹಿಡಿದು ಎಳೆದಾಗ ಈ ಮಕ್ಕಳ ಮೈ ಹೇಗೆ ವರ್ತಿಸುತ್ತದೆ ಎಂಬುದು ಎಲ್ಲ ಕಡೆಯೂ ಒಂದೇ.

ಧಾರವಾಡದ ಅವ್ವ:

ತಂಗಿ, ನನ್ನ ಮಗನಿಗೆ ಈಗ 21. ಒಂದು ಮುಖ್ಯವಾದ ಮಾತನ್ನು ಯಾರೂ ಹೇಳಲಿಲ್ಲ. ಹದಿನೆಂಟು ತುಂಬಿದ ಮರುದಿನ ಆದ ಸಂಗತಿಗೆ ಬಾಲನ್ಯಾಯ ಮಂಡಳಿ ಇರುವುದಿಲ್ಲ, ‘ನಾನು ಅವನ ತಾಯಿ’ ಎಂಬ ಮಾತಿಗೂ ಕಚೇರಿಗಳಲ್ಲಿ ಬೆಲೆ ಇರುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು, ನೀನೇ ಅವನ ಕಾನೂನುಬದ್ಧ ಪೋಷಕಿ (ಗಾರ್ಡಿಯನ್) ಎಂಬ ಪತ್ರ ಪಡೆಯಬೇಕು. ನಾವು ಆರು ಸಲ ಅಲೆದೆವು. ಹುಡುಗನಿಗೆ ಹದಿನೇಳು ತುಂಬುತ್ತಲೇ ಕಾಗದಗಳನ್ನು ಹೊಂದಿಸಲು ತೊಡಗು. ಮತ್ತೆ, ಅವನು ಮೀಟರ್ ನೋಡುವುದನ್ನು ಮಾತ್ರ ಬಿಡಿಸಬೇಡ. ನನ್ನ ಮಗನಿಗೆ ಬಸ್ಸಿನ ನಂಬರ್ ಬರೆಯುವ ಹುಚ್ಚಿತ್ತು, ಜನರ ಮಾತಿಗೆ ಅಂಜಿ ಬಿಡಿಸಿದೆವು. ಎರಡು ವರ್ಷ ಅವನು ಬಾಗಿಲ ಹೊರಗೆ ಕಾಲಿಡಲಿಲ್ಲ.

ಬೀಗ ಮುರಿದ ಮನೆಯವನು:

ದೀಪಕ್ಕಾಗಿ ಕಾಯುತ್ತಿದ್ದ ಎಂಬುದನ್ನು ಓದಿದ ಮೇಲೆ ನನ್ನ ಮೊದಲನೆಯ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎರಡನೆಯದು ಇರಲಿ. ಸೋಮವಾರ ಏನಾಯಿತೆಂದು ದಯವಿಟ್ಟು ತಿಳಿಸಿ.

ತುಂಗೆಯ ದಡದವಳು:

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಸೋಮವಾರ ಕಾನೂನು ಸೇವಾ ಪ್ರಾಧಿಕಾರದಿಂದ ಬಂದ ವಕೀಲೆಯೊಬ್ಬರು ನಮ್ಮ ಜೊತೆಗೇ ಠಾಣೆಗೆ ಬಂದರು. ಅವರು ಕೇಳಿದ ಮೇಲೆ ಸರ್ಕಲ್ ಸಾಹೇಬರು ನಮ್ಮನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಸಮವಸ್ತ್ರವಿಲ್ಲದ ಒಬ್ಬರು ಬಂದು ಕೂತರು. ಮೈಸೂರಿನ ಮೇಡಂ ಹೇಳಿದಂತೆ ಅಪ್ಪಣೆ ಕೇಳಿ, ಕಿಟಕಿಯ ಹೊರಗೆ ನಿಂತಿದ್ದ ಇಲಾಖೆಯ ಜೀಪನ್ನು ತೋರಿಸಿ, ‘ಪುಟ್ಟಾ, ಆ ಜೀಪನ್ನು ನೀನು ನುಂಗಿದ್ಯಾ?’ ಎಂದೆ.

‘ನುಂಗಿದೆ’ ಎಂದ.

ಯಾರೂ ನಗಲಿಲ್ಲ. ಸಾಹೇಬರು ತಾವೇ ಮುಂದೆ ಬಾಗಿ, ‘ನಮ್ಮ ರೈಟರ್ ಮನೇಲಿ ನೀನು ಕದ್ಯಾ?’ ಎಂದರು. ‘ಕದ್ದೆ’ ಎಂದ. ‘ರೈಟರ್ ಕದ್ರಾ?’ ಎಂದರು. ‘ರೈಟರ್ ಕದ್ರು’ ಎಂದ. ರೈಟರ್ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಕಾಗದ ಕೊಟ್ಟು, ಕಳವಾದ ದಿನ ನಾಲ್ಕರಿಂದ ಐದರವರೆಗೆ ಎಲ್ಲಿದ್ದ ಎಂದು ಬರೆಯಲು ಹೇಳಿದರೆ, ಆ ದಿನ ನೋಡಿದ ಮೀಟರುಗಳನ್ನು ಕ್ರಮವಾಗಿ ಬರೆಯತೊಡಗಿದ. ಹನ್ನೊಂದನೆಯ ಮನೆಗೆ ಬಂದಾಗ ಸಾಹೇಬರು ಸಾಕು ಎಂದರು. ಇನ್ನು ಅವನನ್ನು ಕರೆಸುವುದಿಲ್ಲ, ಬೇಕಾದರೆ ನಾವೇ ಮನೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು.

ಹಳೆಯ ಹಾಳೆಯನ್ನು ಕಡತದಿಂದ ತೆಗೆಯಬೇಕೆಂದು ವಕೀಲೆ ಲಿಖಿತವಾಗಿ ಕೇಳಿದ್ದಾರೆ, ಉತ್ತರ ಬಂದಿಲ್ಲ. ಕಳ್ಳ ಸಿಕ್ಕಿಲ್ಲ. ಒಡವೆ ಕಳೆದುಕೊಂಡ ಮನೆಯವರು ಮೀಟರಿನ ಮುಂದೆ ರಟ್ಟು ಕಟ್ಟಿದ್ದಾರೆ, ದಾರಿಯಲ್ಲಿ ಸಿಕ್ಕರೆ ಆಕೆ ಮುಖ ತಿರುಗಿಸುತ್ತಾರೆ. ಅವರ ಎರಡೆಳೆ ಸರ ಹೋಗಿರುವಾಗ ನಾನು ಏನು ಹೇಳಲಿ. ಬೀಟ್ ಪೇದೆಗೆ ಫೋಟೊ ಮತ್ತು ಎರಡು ಸಾಲಿನ ಹಾಳೆ ಕೊಟ್ಟಿದ್ದೇನೆ. ನೋಟ್‌ಬುಕ್ ಇನ್ನು ಮೇಲೆ ಶಾಲೆಗೆ ಹೋಗುವುದಿಲ್ಲ.

ಅದು ಮೊನ್ನೆ ವಾಪಸು ಬಂತು. 19 ದಿನ ಠಾಣೆಯಲ್ಲಿತ್ತು. ಅವನು ಮೊದಲು ಪುಟಗಳನ್ನು ಎಣಿಸಿದ, ಆಮೇಲೆ ಸ್ಕೇಲು ತೆಗೆದುಕೊಂಡು 43 ಮನೆಗಳ ಮುಂದೆಯೂ 19 ಖಾಲಿ ಚೌಕಗಳನ್ನು ಎಳೆದ. ಅಡ್ಡಗೆರೆ ಹಾಕಲಿಲ್ಲ. ಅಂಕಿ ಏರಿತ್ತೋ ಇಲ್ಲವೋ ಅವನು ನೋಡಿಲ್ಲವಲ್ಲ. ರಟ್ಟು ಕಟ್ಟಿದ ಮನೆಯ ಸಾಲಿನಲ್ಲಿ ನಿನ್ನೆಯದೂ ಇವತ್ತಿನದೂ ಖಾಲಿ ಚೌಕವೇ ಇದೆ.